ಸುಸ್ತು ಎನ್ನಬಾರದ ಮೈದಾನ

ಬೆಳಿಗ್ಗೆ ನನ್ನನ್ನು ನೋಡಿದವರಿಗೆ ನನಗೆ ಕಾಯಿಲೆ ಇದೆ ಎಂದರೆ ನಗು ಬರುತ್ತದೆ. ಸಂಜೆ ನೋಡಿದವರು ಏನನ್ನೂ ಕೇಳುವುದಿಲ್ಲ, ತಮಗೆ ತೋಚಿದ್ದನ್ನು ನಂಬಿಕೊಂಡು ಹೋಗುತ್ತಾರೆ. ಒಬ್ಬರು ನಿದ್ದೆಗೆಟ್ಟಿದ್ದಾಳೆ ಅಂದುಕೊಂಡರು. ಇನ್ನೊಬ್ಬರು ಗಂಡನ ಜೊತೆ ಜಗಳವಾಡಿ ಅತ್ತಿದ್ದಾಳೆ ಅಂದುಕೊಂಡರು. ನಮ್ಮ ಅಂಗಡಿ ಪಕ್ಕದ ಟೀ ಹೋಟೆಲಿನವನಂತೂ ‘ಆವಮ್ಮ ಸಂಜೆಯಾದ್ರೆ ಏನೋ ತಗೋತದೆ ಕಣ್ಲಾ’ ಎಂದು ಎರಡು ಬೀದಿಗೆ ಸುದ್ದಿ ಹಂಚಿದ. ರೆಪ್ಪೆ ಅರ್ಧ ಇಳಿದಿರುತ್ತಿತ್ತು, ಮಾತು ಮೂಗಿನಲ್ಲಿ ಬರುತ್ತಿತ್ತು, ಮೆಟ್ಟಿಲು ಇಳಿಯುವಾಗ ಕಾಲು ತೊಡರುತ್ತಿತ್ತು. ಅವನ ಜಾಗದಲ್ಲಿ ನಾನಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆನೇನೋ.

ಕಾಯಿಲೆಯ ಹೆಸರು ಮಯಸ್ತೀನಿಯಾ. ನರ ಹೇಳಿದ ಮಾತು ಸ್ನಾಯುವಿಗೆ ಸರಿಯಾಗಿ ಮುಟ್ಟುವುದಿಲ್ಲ ಎಂದು ಡಾಕ್ಟರು ಒಂದೇ ಸಾಲಿನಲ್ಲಿ ಹೇಳಿದ್ದರು. ಉಳಿದದ್ದನ್ನು ದಯವಿಟ್ಟು ಮೊಬೈಲಿನಲ್ಲಿ ಓದಬೇಡಿ, ನಾನು ಓದಿ ಕೆಟ್ಟೆ. ಇದನ್ನು ಬರೆಯುತ್ತಿರುವುದು ಹಾಸನದ ಯಾವುದೋ ಆಸ್ಪತ್ರೆಯ ಕಬ್ಬಿಣದ ಬೆಂಚಿನ ಮೇಲೆ ಟೋಕನ್ ಹಿಡಿದು ಕೂತು, ಊರಲ್ಲೆಲ್ಲ ಇದು ನನಗೊಬ್ಬಳಿಗೇ ಯಾಕೆ ಎಂದು ಕೊರಗುತ್ತಿರುವವರಿಗಾಗಿ. ನಾನೂ ಅದೇ ಬೆಂಚಿನ ಮೇಲೆ ಕೂತಿದ್ದೆ.

ಹೊಳೆನರಸೀಪುರದ ತಾಲ್ಲೂಕು ಕಚೇರಿಯ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ. ಅರ್ಜಿ ಟೈಪು ಮಾಡಿಕೊಡುವುದು, ಪಹಣಿ ತೆಗೆದುಕೊಡುವುದು, ಆಧಾರ್ ಕಾರ್ಡಿಗೆ ಪ್ಲಾಸ್ಟಿಕ್ ಹಾಕಿಕೊಡುವುದು ನನ್ನ ಕೆಲಸ. ಗಂಡ ಮಹಾದೇವ ತೆಂಗಿನಕಾಯಿ ವ್ಯಾಪಾರಿ. ದಿನವಿಡೀ ಕುರ್ಚಿಯಲ್ಲಿ ಕೂತು ನನ್ನ ಮೈ ಬೆಳೆಯಿತು, ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ನಿಂತಿದೆ ಎಂದು ರಕ್ತ ಪರೀಕ್ಷೆಯವರು ಹೇಳಿದರು. ಅಂಗಡಿಗೆ ಪ್ರಶ್ನೆಪತ್ರಿಕೆ ತೆಗೆಸಲು ಬರುತ್ತಿದ್ದ ಹೈಸ್ಕೂಲಿನ ಮಂಜುಳಾ ಮೇಡಂ ಆಗಲೇ ನನ್ನ ಬೆನ್ನು ಹತ್ತಿದ್ದು. ‘ಬೆಳಿಗ್ಗೆ ಕಾಲೇಜು ಮೈದಾನಕ್ಕೆ ಬನ್ನಿ ರೇಣುಕಾ, ಓಡೋಣ’ ಎಂದರು. ನಲವತ್ತು ದಾಟಿದ ಹೆಂಗಸು ಓಡುವುದೆಂದರೆ ಬಸ್ಸು ತಪ್ಪಿದಾಗ ಮಾತ್ರ ಎಂದುಕೊಂಡಿದ್ದ ನಾನು ಒಂದು ವಾರ ತಪ್ಪಿಸಿಕೊಂಡು ಕೊನೆಗೆ ಹೋದೆ.

ಅದು ದೊಡ್ಡವರ ಓಟದ ಬಳಗ. ನಿವೃತ್ತರಾದ ಪಿಟಿ ಮೇಷ್ಟ್ರು ಪುಟ್ಟಸ್ವಾಮಿಯವರು ಕಟ್ಟಿದ್ದು. ಸುಣ್ಣದ ಪುಡಿಯಲ್ಲಿ ಎಳೆದ ಗೆರೆಗಳೇ ಟ್ರ್ಯಾಕು. ಮಳೆ ಬಂದರೆ ಗೆರೆ ಅಳಿಸಿಹೋಗುತ್ತಿತ್ತು, ಮೇಷ್ಟ್ರು ಮತ್ತೆ ಎಳೆಯುತ್ತಿದ್ದರು. ಗಂಡಸರು ಬೇಕಾದಷ್ಟಿದ್ದರು. ಹೆಂಗಸರು ಮೂವರೇ: ಮಂಜುಳಾ ಮೇಡಂ, ಟೈಲರ್ ನಾಗವೇಣಿ, ಅಂಚೆ ಕಚೇರಿಯ ಶಶಿಕಲಾ. ನಾನು ಚೂಡಿದಾರಕ್ಕೆ ಮಗಳ ಹಳೇ ಬಿಳಿ ಶೂ ಹಾಕಿಕೊಂಡು ಹೋಗಿ ನಿಂತಾಗ ಮೇಷ್ಟ್ರು ನನ್ನನ್ನು ಮಾತಾಡಿಸುವ ಮೊದಲು ಎಣಿಸಿದರು.

‘ನಾಕ್ ಜನ ಆದ್ರಿ. ಇನ್ ರಿಲೇಗೆ ಓಗ್ಬೋದು ಬುಡಿ’ ಎಂದರು.

ಹಾಸನದಲ್ಲಿ ವರ್ಷಕ್ಕೊಮ್ಮೆ ಮೂವತ್ತೈದು ದಾಟಿದವರ ಕ್ರೀಡಾಕೂಟ ನಡೆಯುತ್ತದೆ. ಚನ್ನರಾಯಪಟ್ಟಣದಿಂದ, ಅರಕಲಗೂಡಿನಿಂದ ಹೆಂಗಸರ ತಂಡ ಬರುತ್ತಿತ್ತಂತೆ, ನಮ್ಮ ಊರಿನಿಂದ ಮಾತ್ರ ಯಾವತ್ತೂ ಹೋಗಿರಲಿಲ್ಲ. ಮೂವರಿಂದ ರಿಲೇ ಆಗುವುದಿಲ್ಲವಲ್ಲ. ಹೀಗೆ ಓಡಲು ಬಾರದ ನಾನು ಬಂದ ದಿನವೇ ತಂಡಕ್ಕೆ ಬೇಕಾದವಳಾದೆ. ಅಷ್ಟು ಬೇಗ ಯಾರಿಗಾದರೂ ಬೇಕಾದವಳಾಗಿದ್ದು ನನ್ನ ಮದುವೆಯಲ್ಲೂ ಇಲ್ಲ.

ಬಳಗಕ್ಕೆ ಒಂದು ಕಟ್ಟುಪಾಡು ಇತ್ತು. ಮೈದಾನದಲ್ಲಿ ಯಾರೂ ‘ಸುಸ್ತು’ ಎನ್ನುವ ಮಾತು ಆಡಬಾರದು. ಆಡಿದವರು ಇನ್ನೊಂದು ಸುತ್ತು ಓಡಬೇಕು. ಬ್ಯಾಂಕ್ ಮ್ಯಾನೇಜರ್ ಆದರೂ ಅಷ್ಟೇ, ಹೊಸಬರಾದರೂ ಅಷ್ಟೇ. ಮಾತು ಬಾಯಿಗೆ ಬಂದು ತುಟಿ ಕಚ್ಚಿಕೊಂಡರೂ ಮೇಷ್ಟ್ರಿಗೆ ಗೊತ್ತಾಗಿಬಿಡುತ್ತಿತ್ತು. ‘ಏನೋ ಅಂದಂಗಾಯ್ತು’ ಎಂದು ಸೀಟಿ ಬಾಯಿಗಿಡುತ್ತಿದ್ದರು. ಎಲ್ಲರೂ ನಗುತ್ತಾ ಓಡುತ್ತಿದ್ದೆವು. ಆ ತಮಾಷೆಯಲ್ಲೇ ದಮ್ಮು ಬೆಳೆಯುತ್ತಿತ್ತು, ಅದು ನಿಜ.

ಅತ್ತೆ ಕೊಣನೂರು ಕಡೆಯವರು. ನಾನು ಓಡುವ ಸುದ್ದಿ ಅವರಿಗೆ ಒಂದು ಚೂರೂ ಸೇರಲಿಲ್ಲ.

‘ಇಂದೆ ಯಾರಾರ ಅಟ್ಟಿಸ್ಕಂಡ್ ಬಂದ್ರೆ ಓಡ್ಬೇಕು ಕಣವ್ವ. ಯಾರೂ ಇಲ್ದೆ ಅದ್ಯಾಕಂಗ್ ಓಡೀಯೇ?’ ಎಂದು ಕೇಳಿದರು.

ನನಗೆ ಗೊತ್ತಿದ್ದದ್ದು ಇಷ್ಟೇ, ಮೈದಾನದಲ್ಲಿದ್ದಷ್ಟು ಹೊತ್ತು ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಸಾರು ಆಯ್ತಾ, ಪಹಣಿ ಬಂತಾ, ಮಗಳ ಫೀಸು ಕಟ್ಟಿದೆಯಾ, ಒಂದೂ ಇಲ್ಲ. ಮಾಂಗಲ್ಯಕ್ಕೆ ಪಿನ್ನು ಹಾಕಿ ಚೂಡಿದಾರದೊಳಗೆ ಸೇರಿಸಿ ಗೆರೆಯ ಮೇಲೆ ನಿಂತರೆ ಸಾಕು, ಸಂತೋಷವಾಗುತ್ತಿತ್ತು. ಕೆಲವು ತಿಂಗಳಲ್ಲಿ ನನ್ನ ಕಾಲಿಗೆ ವೇಗ ಬಂತು. ಮೇಷ್ಟ್ರು ನನ್ನನ್ನು ರಿಲೇಯ ಮೂರನೆಯ ಓಟಕ್ಕೆ ಹಾಕಿದರು. ಅದು ಪೂರ್ತಿ ತಿರುವಿನ ಓಟ. ‘ತಿರುವ್ನಲ್ಲಿ ನೀನು ಚೆಂದಾಗ್ ವಾಲ್ತೀಯ ಕಣಮ್ಮ’ ಎಂದರು. ಇಂಥ ಹೊಗಳಿಕೆ ನನಗೆ ಹಿಂದೆ ಯಾರೂ ಕೊಟ್ಟಿರಲಿಲ್ಲ. ಆ ತಿರುವು ನನ್ನದು ಎಂದು ಅಂದೇ ಮನಸ್ಸಿನಲ್ಲಿ ಬರೆದುಕೊಂಡೆ.

ಮೊದಲು ಕೈಕೊಟ್ಟದ್ದು ಕಣ್ಣು. ಸಂಜೆ ಪಹಣಿಯ ಸರ್ವೆ ನಂಬರು ಎರಡೆರಡಾಗಿ ಕಾಣತೊಡಗಿತು. ಕನ್ನಡಕ ಬದಲಿಸಿದೆ, ಆಗಲೂ ಎರಡೇ ಕಂಡಿತು. ಆಮೇಲೆ ಬಲರೆಪ್ಪೆ ಇಳಿಯಿತು. ಅತ್ತೆ ಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದರು. ‘ಗಂಡುಸ್ರು ಎಂಗುಸ್ರು ಎಲ್ಲಾ ನೋಡ್ತಾರೆ, ದಿಷ್ಟಿ ಆಗ್ದೆ ಇನ್ನೇನಾದದು’ ಎಂದರು. ಬೆಳಿಗ್ಗೆ ಎದ್ದರೆ ರೆಪ್ಪೆ ಸರಿಯಾಗಿರುತ್ತಿತ್ತು. ಅವರ ನಿವಾಳಿ ಕೆಲಸ ಮಾಡಿತೆಂದು ಅವರಿಗೂ ಖುಷಿ, ನನಗೂ ಖುಷಿ. ಸಂಜೆ ಮತ್ತೆ ಇಳಿಯುತ್ತಿತ್ತು.

ಇನ್ನೊಂದು ಲಕ್ಷಣ ತಿಂಗಳುಗಟ್ಟಲೆ ನಮ್ಮ ಮನೆಯಲ್ಲೇ ಇದ್ದರೂ ಯಾರಿಗೂ ಸಿಗಲಿಲ್ಲ. ಈ ಕಾಯಿಲೆಯವರಿಗೆ ಅಗಿಯುತ್ತಾ ಅಗಿಯುತ್ತಾ ದವಡೆ ಸೋಲುತ್ತದೆ. ನಮ್ಮದು ಎರಡು ಹೊತ್ತೂ ಮುದ್ದೆ ತಿನ್ನುವ ಮನೆ. ಮುದ್ದೆಯನ್ನು ಯಾರಾದರೂ ಅಗಿಯುತ್ತಾರೆಯೇ? ಸಾರಿನಲ್ಲಿ ಅದ್ದಿ ನುಂಗುವುದಷ್ಟೇ. ದವಡೆ ಸೋತಿದ್ದು ನನಗೆ ತಿಳಿಯುವುದಾದರೂ ಹೇಗೆ? ಕೊಣನೂರಿನಲ್ಲಿ ಅತ್ತೆಯ ತಮ್ಮನ ಮನೆಯ ಬಾಡೂಟಕ್ಕೆ ಹೋದಾಗ ಗೊತ್ತಾಯಿತು. ಎರಡು ತುಂಡು ಅಗಿದ ಮೇಲೆ ಬಾಯಿ ತಾನೇ ತೆರೆದುಕೊಂಡು ನಿಂತಿತು. ಎಡಗೈಯಲ್ಲಿ ಗದ್ದವನ್ನು ಮೇಲಕ್ಕೆ ಒತ್ತಿ ಒತ್ತಿ ಅಗಿದೆ. ಎದುರು ಪಂಕ್ತಿಯವರು ಹಲ್ಲುನೋವಾ ಎಂದು ಕೇಳಿದರು. ಹೂಂ ಎಂದೆ. ಒಳಗೆ ಅವತ್ತೇ ಮೊದಲ ಸಲ ಭಯ ಹುಟ್ಟಿತು.

ಭಯವಾದರೂ ಓಟ ಬಿಡಲಿಲ್ಲ. ಕ್ರೀಡಾಕೂಟ ಹತ್ತಿರವಿತ್ತು. ಸೋತ ಮೈಗೆ ಓಟವೇ ಮದ್ದು ಎಂದು ನಾನೂ ನಂಬಿದ್ದೆ, ಮೇಷ್ಟ್ರೂ ನಂಬಿದ್ದರು. ಬೆಳಿಗ್ಗೆ ಗೆರೆಯ ಮೇಲೆ ನಿಂತಾಗ ಸರಿಯಾಗೇ ಇರುತ್ತಿದ್ದೆ. ಎರಡನೆಯ ಸಲ ಓಡುವಾಗ ತೊಡೆಯಿಂದ ಯಾರೋ ಗಾಳಿ ತೆಗೆದಂತಾಗುತ್ತಿತ್ತು. ಮೇಷ್ಟ್ರು ಕಾಲು ಸೂಪು ಕುಡಿ ಎಂದರು, ನಾಗವೇಣಿ ಮನೆಯಿಂದ ರಾಗಿ ಅಂಬಲಿ ತಂದು ಕುಡಿಸಿದಳು. ಲಟ್ಟಣಿಗೆ ಹಿಡಿದು ಬ್ಯಾಟನ್ ಬದಲಿಸುವುದನ್ನು ಅಭ್ಯಾಸ ಮಾಡುತ್ತಿದ್ದೆವು. ಒಂದು ದಿನ ಶಶಿಕಲಾ ಕೊಟ್ಟ ಲಟ್ಟಣಿಗೆ ನನ್ನ ಬೆರಳಿನಿಂದ ಜಾರಿಬಿತ್ತು. ನಾನು ಹಿಡಿದೇ ಇದ್ದೆ, ಬೆರಳು ಹಿಡಿದಿರಲಿಲ್ಲ.

ಆಗ ಬಾಯಿತಪ್ಪಿ ಆ ಮಾತು ಬಂತು. ‘ಯಾಕೋ ಸುಸ್ತು ಸಾ’ ಎಂದೆ.

ಎಲ್ಲರೂ ಓ ಎಂದು ನಕ್ಕರು. ಮೇಷ್ಟ್ರೂ ನಕ್ಕು, ‘ಅಂದ್ಬುಟ್ಯಲ್ಲಮ್ಮ, ಇನ್ನೊಂದ್ ರೌಂಡು’ ಎಂದು ಸೀಟಿ ಊದಿದರು.

ಆಗುವುದಿಲ್ಲ ಎಂದು ನಾನು ಹೇಳಬಹುದಿತ್ತು. ಹೇಳಿದ್ದರೆ ಯಾರೂ ಓಡಿಸುತ್ತಿರಲಿಲ್ಲ, ಅವರೆಲ್ಲ ಅಷ್ಟು ಒಳ್ಳೆಯವರು. ಆದರೆ ಎಲ್ಲರಂತೆ ನಾನೂ ನಗುತ್ತಲೇ ಹೊರಟೆ. ಮೊದಲ ತಿರುವು ದಾಟಿದೆ. ಎರಡನೆಯ ತಿರುವಿನಲ್ಲಿ, ನನ್ನದು ಎಂದುಕೊಂಡಿದ್ದ ಆ ಜಾಗದಲ್ಲೇ, ಮಂಡಿ ಮಡಚಿ ಕೂತುಬಿಟ್ಟೆ. ಆಮೇಲೆ ಮಲಗಿಬಿಟ್ಟೆ. ಎಚ್ಚರ ತಪ್ಪಿರಲಿಲ್ಲ. ಏಳಬೇಕು ಎಂದುಕೊಂಡೆ, ತಲೆ ನೆಲದಿಂದ ಮೇಲೇಳಲಿಲ್ಲ. ಕೆನ್ನೆಗೆ ಸುಣ್ಣದ ಪುಡಿ ಮೆತ್ತಿತ್ತು, ಅದನ್ನು ಒರೆಸಿಕೊಳ್ಳಲೂ ಕೈ ಬರಲಿಲ್ಲ. ನಾಟಕ ಆಡುತ್ತಿದ್ದಾಳೆ ಎಂದುಕೊಂಡು ಇನ್ನೂ ಸ್ವಲ್ಪ ಹೊತ್ತು ಅವರು ದೂರದಲ್ಲಿ ನಗುತ್ತಲೇ ಇದ್ದರು. ಆ ನಗು ಕೇಳಿಸಿಕೊಂಡು ಮಲಗಿದ್ದೆನಲ್ಲ, ಅಷ್ಟು ಅಸಹಾಯಕಳಾಗಿ ನಾನು ಹಿಂದೆಂದೂ ಇರಲಿಲ್ಲ.

ಹಾಸನಕ್ಕೆ ಕರೆದುಕೊಂಡು ಹೋದರು. ನರರೋಗದ ಡಾಕ್ಟರಿಗೆ ಕಾಯುವವರ ಸಾಲು ಉದ್ದವಿತ್ತು. ಬೆಳಿಗ್ಗೆ ಟೋಕನ್ ತೆಗೆದುಕೊಂಡಾಗ ನಾನು ಸರಿಯಾಗಿದ್ದೆ. ‘ಒಳಗೆ ಓಗೋವಾಗ ಎಲ್ಲಾ ಸರಿಯಾಗ್ಬುಟ್ರೆ ಅವ್ರಿಗೆ ಏನಂತ ತೋರ್ಸೋದು?’ ಎಂದು ಗಂಡನಿಗೆ ಚಿಂತೆ. ಕೂತು ಕೂತು ಮಧ್ಯಾಹ್ನವಾಯಿತು, ರೆಪ್ಪೆ ಇಳಿಯಿತು, ನನ್ನ ಸರದಿಯೂ ಬಂತು. ಕಾಯಿಸಿದ್ದೇ ಒಳ್ಳೆಯದಾಯಿತು.

ಡಾಕ್ಟರು ಕೈಗವಸಿನಲ್ಲಿ ಐಸ್ ತುಂಬಿಸಿ ನನ್ನ ರೆಪ್ಪೆಯ ಮೇಲೆ ಸ್ವಲ್ಪ ಹೊತ್ತು ಇಟ್ಟರು. ತೆಗೆದಾಗ ರೆಪ್ಪೆ ಮೇಲೆದ್ದಿತ್ತು. ಎದುರಿಗೆ ಕೂತಿದ್ದ ನನ್ನ ಗಂಡ ಒಬ್ಬರೇ ಕಂಡರು, ಇಬ್ಬರಲ್ಲ. ಅವರ ಕಣ್ಣು ತುಂಬಿಕೊಂಡಿತು. ಡಾಕ್ಟರು ಅದು ಪರೀಕ್ಷೆ ಎಂದರು, ರಕ್ತವನ್ನು ಬೆಂಗಳೂರಿಗೆ ಕಳಿಸುತ್ತೇವೆ ಎಂದರು, ಮಾತ್ರೆ ಬರೆದರು, ಓಡಬೇಡಿ ಎಂದರು, ನುಂಗಲು ಉಸಿರಾಡಲು ಕಷ್ಟವಾದರೆ ತಕ್ಷಣ ಬನ್ನಿ ಎಂದರು. ಗಂಡನ ಕಿವಿಗೆ ಇದ್ಯಾವುದೂ ಬೀಳಲಿಲ್ಲ. ಅವರು ಐಸನ್ನೇ ನೋಡುತ್ತಿದ್ದರು.

ಮಾರನೆಯ ದಿನ ಸಂಜೆ ಮೀನಂಗಡಿಯಿಂದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸ್ ತಂದರು. ಮನೆಯೆಲ್ಲ ಮೀನಿನ ವಾಸನೆ. ಟವೆಲ್ಲಿನಲ್ಲಿ ಸುತ್ತಿ ನನ್ನ ಕಣ್ಣಿಗಿಟ್ಟು, ತೆಗೆದು, ‘ಎದ್ದೈತೆ ನೋಡು’ ಎಂದು ಅತ್ತೆಗೆ ತೋರಿಸಿದರು. ನಾಲ್ಕು ಮಾತಾಡುವಷ್ಟರಲ್ಲಿ ರೆಪ್ಪೆ ಮತ್ತೆ ಇಳಿಯಿತು. ಮತ್ತೆ ಇಟ್ಟರು. ಕಣ್ಣಿಗೆ ಆಗುವುದಾದರೆ ಕಾಲಿಗೂ ಆಗಬೇಕಲ್ಲ ಎಂದು ತೊಡೆಗೂ ಇಟ್ಟರು, ಗಂಟಲಿಗೂ ಇಟ್ಟರು.

‘ಅದು ಮದ್ದಲ್ಲ ರೀ, ಪರೀಕ್ಷೆ’ ಎಂದೆ.

‘ಆಗ್ಲಿ, ನಮ್ ಕಣ್ಮುಂದೇನೆ ಎದ್ದಿಲ್ವಾ ರೆಪ್ಪೆ? ಇದ್ನೂ ಮಾಡ್ದೆ ನಾನಿನ್ನೇನ್ ಮಾಡ್ಲಿ ಯೋಳು ರೇಣು’ ಎಂದರು.

ಆ ಕೊನೆಯ ಮಾತಿಗಾಗಿ ಸಂಜೆ ಸಂಜೆ ಕಣ್ಣು ಮುಚ್ಚಿ ಕೂತೆ, ಅವರು ಐಸ್ ಇಡುತ್ತಾ ಹೋದರು. ನೀರು ಕತ್ತಿನಿಂದ ಎದೆಗೆ ಇಳಿಯುತ್ತಿತ್ತು. ಐಸಿನಿಂದಲೋ ಮಳೆಗಾಲದ ಗಾಳಿಯಿಂದಲೋ, ನೆಗಡಿಯಾಗಿ ಜ್ವರ ಬಂತು. ನೆಗಡಿ ಎಲ್ಲರಿಗೂ ಬರುವಂಥದ್ದೇ. ನನಗೆ ಅದೇ ಸಾಕಾಯಿತು.

ಒಂದು ಮಧ್ಯಾಹ್ನ ಮುದ್ದೆಯ ತುತ್ತು ಗಂಟಲಿನಲ್ಲಿ ನಿಂತಿತು. ಮೇಲಕ್ಕೂ ಬರಲಿಲ್ಲ, ಕೆಳಕ್ಕೂ ಇಳಿಯಲಿಲ್ಲ. ಅತ್ತೆ ನೀರು ಕುಡಿಸಿದರು. ನೀರು ಮೂಗಿನಿಂದ ಆಚೆ ಬಂತು. ಅತ್ತೆಯ ಮುಖ ಬಿಳಿಚಿಕೊಂಡಿತು. ಬೆನ್ನು ಗುದ್ದಿ ಗುದ್ದಿ ತುತ್ತನ್ನು ಹೊರಗೆ ತೆಗೆದರು. ‘ನನ್ ಕೈಯಾರೆ ಕಟ್ಟಿದ್ ಮುದ್ದೆ ಕಣವ್ವ’ ಎಂದು ಆಟೋದಲ್ಲಿ ದಾರಿಯುದ್ದಕ್ಕೂ ಅಷ್ಟೇ ಹೇಳುತ್ತಿದ್ದರು. ಹೊಳೆನರಸೀಪುರದಲ್ಲಿ ನೋಡಿದವರು ಆಂಬುಲೆನ್ಸಿನಲ್ಲಿ ಹಾಸನಕ್ಕೆ ಕಳಿಸಿದರು. ಅಲ್ಲಿ ಸ್ಕ್ಯಾನಿಗೆ ಚಿನ್ನ ತೆಗೆಯಬೇಕು ಎಂದಾಗ ಅತ್ತೆ ಬಾಗಿಲಿಗೇ ಅಡ್ಡ ನಿಂತರು. ಯಾರನ್ನೋ ಓಡಿಸಿ ಅರಿಶಿನದ ಕೊಂಬು ತರಿಸಿ, ದಾರಕ್ಕೆ ಕಟ್ಟಿ, ಗಂಡನ ಕೈಯಲ್ಲಿ ನನ್ನ ಕೊರಳಿಗೆ ಕಟ್ಟಿಸಿದ ಮೇಲೇ ಮಾಂಗಲ್ಯ ಬಿಚ್ಚಲು ಬಿಟ್ಟರು. ಅಲ್ಲಿಯವರೆಗೂ ಸ್ಕ್ಯಾನಿನವರು ಕಾದರು. ಅವರಿಗೆ ನಾನು ಋಣಿ.

ಉಸಿರು ಸಾಲದೆ ಗಂಟಲಿಗೆ ನಳಿಕೆ ಹಾಕಿದರು. ಐಸಿಯುವಿನ ದಿನಗಳ ಬಗ್ಗೆ ಹೇಳುವುದು ಕಷ್ಟ, ಆದರೆ ಹೇಳಲೇಬೇಕು. ಮಲಗಿದವರು ಕೇಳಿಸಿಕೊಳ್ಳುತ್ತಿರುತ್ತಾರೆ ಎನ್ನುವುದು ನಿಮಗೆ ತಿಳಿದಿರಲಿ. ಮತ್ತಿನ ಔಷಧಿ ಕಡಿಮೆ ಮಾಡಿದ ಮೇಲೆ ನನಗೆ ಎಲ್ಲವೂ ಕೇಳಿಸುತ್ತಿತ್ತು. ರೆಪ್ಪೆ ಎತ್ತಲು ಆಗುತ್ತಿರಲಿಲ್ಲ, ಮಾತಿರಲಿಲ್ಲ, ಬಲಗೈಯ ಎರಡು ಬೆರಳು ಮಾತ್ರ ಚೂರು ಆಡುತ್ತಿದ್ದವು. ನೋಡಲು ಬಂದ ನೆಂಟರೊಬ್ಬರು ನನ್ನ ಮಂಚದ ಪಕ್ಕದಲ್ಲೇ ನಿಂತು, ‘ಇದು ಎದ್ದು ಬರೋ ತರ ಕಾಣಾಕಿಲ್ಲ ಬುಡು’ ಎಂದರು. ಅವರ ಮುಂದೆ ಎದ್ದು ಕೂರುವ ಆಸೆ ಎಷ್ಟಿತ್ತೆಂದರೆ, ರಿಲೇ ಗೆಲ್ಲುವ ಆಸೆಯೂ ಅದರ ಮುಂದೆ ಏನೂ ಅಲ್ಲ.

ಪುಟ್ಟಸ್ವಾಮಿ ಮೇಷ್ಟ್ರು ಬಂದದ್ದೂ ಹಾಗೇ ಗೊತ್ತಾಯಿತು. ಸೀಟಿ ಊದುತ್ತಿದ್ದ ಆ ದೊಡ್ಡ ದನಿ ಅಲ್ಲಿ ಕುಗ್ಗಿಹೋಗಿತ್ತು.

‘ನಾನೇ ಓಡಿಸ್ದೆ ಕಣಪ್ಪ ಮಾದೇವ. ಸುಸ್ತು ಅಂತು ನಿನ್ನೆಂಡ್ತಿ. ಅಂದ್ರೂವೆ ನಾನೇ ಓಡಿಸ್ದೆ’ ಎಂದರು.

ನನ್ನ ಗಂಡ ‘ಇಲ್ಲ ಬಿಡಿ ಮೇಷ್ಟ್ರೇ’ ಎನ್ನಬಹುದಿತ್ತು. ಎನ್ನಲಿಲ್ಲ. ಓಟದಿಂದ ಈ ಕಾಯಿಲೆ ಬರುವುದಿಲ್ಲ, ನಾನು ಆ ಮೈದಾನದಲ್ಲಿ ಕಳೆದಷ್ಟು ಸುಖವಾದ ಬೆಳಗನ್ನು ಬೇರೆಲ್ಲೂ ಕಳೆದಿಲ್ಲ ಎಂದು ಹೇಳಲು ಒಳಗೆ ಒದ್ದಾಡಿದೆ. ಎರಡು ಬೆರಳು ಆಡಿಸಿದೆ. ಯಾರೂ ನನ್ನ ಬೆರಳಿನ ಕಡೆ ನೋಡುತ್ತಿರಲಿಲ್ಲ. ಮೇಷ್ಟ್ರ ಚಪ್ಪಲಿಯ ಸದ್ದು ಬಾಗಿಲ ತನಕ ಹೋಯಿತು.

ಅಲ್ಲಿ ನನಗೆ ಸಿಕ್ಕ ದೊಡ್ಡ ಉಪಕಾರ ಒಬ್ಬ ನರ್ಸಿನದು. ಅವಳು ಅರಕಲಗೂಡಿನವಳಂತೆ. ಮುಖ ನೋಡುವ ಮೊದಲೇ ದನಿ ಪರಿಚಯವಾಗಿತ್ತು. ಒಂದು ದಿನ ಗಂಡ ಬಂದಾಗ, ‘ಅಕ್ಕ, ನಿಮ್ಮನೆಯವ್ರು ಬಂದವ್ರೆ, ನೋಡಿ’ ಎಂದು ತನ್ನ ಹೆಬ್ಬೆರಳಿನಿಂದ ನನ್ನ ರೆಪ್ಪೆ ಎತ್ತಿ ಹಿಡಿದಳು. ಗಂಡನ ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿ ತಪ್ಪಾಗಿ ಹಾಕಿದ್ದರು. ಸಾಕಾಗುವಷ್ಟು ನೋಡಿದೆ. ಆಮೇಲಿಂದ ಅವಳ ಪಾಳಿಯಿದ್ದಾಗಲೆಲ್ಲ ಹಾಗೆ ಎತ್ತಿ ಹಿಡಿಯುತ್ತಿದ್ದಳು. ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ.

ನಳಿಕೆ ತೆಗೆದರು, ವಾರ್ಡಿಗೆ ಹಾಕಿದರು, ಮನೆಗೆ ಕಳಿಸಿದರು. ಒಂದು ಸಾಲಿನಲ್ಲಿ ಬರೆದುಬಿಟ್ಟೆ, ಆದರೆ ಅದು ನಡೆದದ್ದು ತುಂಬ ನಿಧಾನವಾಗಿ. ಸ್ಟೀರಾಯ್ಡ್ ಮಾತ್ರೆಗಳಿಂದ ಮುಖ ಊದಿ, ಅಂಗಡಿಗೆ ಬಂದ ಹಳೇ ಗಿರಾಕಿಗಳು ‘ರೇಣುಕಮ್ಮ ಇಲ್ವಾ?’ ಎಂದು ನನ್ನನ್ನೇ ಕೇಳಿದರು. ಕೈ ಮೇಲೆತ್ತಿ ತಲೆ ಬಾಚಿಕೊಳ್ಳಲಾಗದೆ ಅತ್ತೆಯ ಮುಂದೆ ಸಣ್ಣ ಹುಡುಗಿಯಂತೆ ಕೂರುತ್ತಿದ್ದೆ. ಅವರು ಎಣ್ಣೆ ಹಚ್ಚಿ ಜಡೆ ಹೆಣೆಯುತ್ತಿದ್ದರು. ಮುದ್ದೆ ಬಿಟ್ಟು ಗಂಜಿ ಕಾಯಿಸಿಕೊಡುತ್ತಿದ್ದರು. ಓಟದ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಪ್ರತಿ ಸಲ ಡಾಕ್ಟರ ಹತ್ತಿರ ಹೋದಾಗಲೂ ನನ್ನದು ಒಂದೇ ಪ್ರಶ್ನೆ. ಯಾವಾಗ ಓಡಬಹುದು? ಅವರು ‘ಮುಂದಿನ ಸಲ ನೋಡೋಣ’ ಎನ್ನುತ್ತಿದ್ದರು. ಕೊನೆಗೊಂದು ದಿನ ಪೆನ್ನು ಕೆಳಗಿಟ್ಟು ಹೇಳಿದರು.

‘ನಡೀರಿ, ಮಾತ್ರೆ ತಗೊಂಡು ಬೆಳಿಗ್ಗೆ ಹೊತ್ತು ನಿಧಾನಕ್ಕೆ ನಡೀರಿ. ಪೈಪೋಟಿ ಓಟ ಮಾತ್ರ ಮರೆತುಬಿಡಿ ಅಮ್ಮ.’

ಕೋಣೆಯಿಂದ ಆಚೆ ಬಂದು ಅದೇ ಕಬ್ಬಿಣದ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಜೀವ ಉಳಿದದ್ದಕ್ಕೆ ಖುಷಿಪಡಬೇಕಿತ್ತು. ನನಗೆ ಆ ತಿರುವು ಬೇಕಿತ್ತು.

ಆ ದಿನವೇ ಹಾಸನದ ಬಸ್ ನಿಲ್ದಾಣದಲ್ಲಿ ಅವಳನ್ನು ನೋಡಿದೆ. ನಮ್ಮ ಬಸ್ಸು ಹೊರಟು ತಿರುಗುತ್ತಿತ್ತು. ಒಬ್ಬ ಹೆಂಗಸು ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಸೀರೆಯ ನೆರಿಗೆ ಹಿಡಿದು ಆ ತುದಿಯಿಂದ ಓಡಿ ಬಂದಳು. ಬಸ್ಸು ತಿರುಗಿದಂತೆ ಅವಳೂ ತಿರುವಿನಲ್ಲಿ ವಾಲಿ ತಿರುಗಿ, ಬಾಗಿಲ ಕಂಬಿ ಹಿಡಿದು ಹತ್ತಿದಳು. ನನ್ನ ಪಕ್ಕದಲ್ಲೇ ಕೂತಳು. ದಮ್ಮು ಕಟ್ಟಿರಲಿಲ್ಲ. ಹೆಸರು ಗೀತಾ, ಹೊಳೆನರಸೀಪುರದ ಹಾಸ್ಟೆಲ್ ಒಂದರಲ್ಲಿ ಅಡುಗೆಯವಳು, ವಯಸ್ಸು ಮೂವತ್ತಾರು ದಾಟಿದೆ. ಎಲ್ಲವನ್ನೂ ಕೇಳಿಕೊಂಡೆ, ಓಟದ ಬಳಗದ ವಿಷಯ ಮಾತ್ರ ಎತ್ತಲಿಲ್ಲ. ನನ್ನ ಜಾಗ ಖಾಲಿ ಇರುವವರೆಗೂ ಅದು ನನ್ನದೇ ಎಂದು ಒಂದು ಆಸೆ.

ಆ ವರ್ಷ ನಮ್ಮ ತಂಡ ಹೋಗಿರಲಿಲ್ಲ. ಮೂವರೂ ವಾರಕ್ಕೊಮ್ಮೆ ನನ್ನನ್ನು ನೋಡಲು ಬರುತ್ತಿದ್ದರು. ಮೇಷ್ಟ್ರು ಬರುತ್ತಿರಲಿಲ್ಲ. ಕಾಯಿಲೆಗೂ ಓಟಕ್ಕೂ ಸಂಬಂಧವಿಲ್ಲ ಎಂದು ಹೇಳಿ ಕಳಿಸಿದ್ದರೂ ಬರಲಿಲ್ಲ. ಮೈದಾನದಲ್ಲಿ ಈಗ ಯಾರು ಏನು ಬೇಕಾದರೂ ಅನ್ನಬಹುದಂತೆ, ಮೇಷ್ಟ್ರು ಮೊದಲಿನಂತೆ ಯಾರನ್ನೂ ಗದರುವುದಿಲ್ಲವಂತೆ. ಮತ್ತೆ ಕ್ರೀಡಾಕೂಟ ಹತ್ತಿರ ಬಂದಾಗ ನಾಗವೇಣಿ ನನ್ನ ಕೈ ಹಿಡಿದು, ‘ನೀನ್ ಬರೋಗಂಟ ನಾವ್ ಓಗಲ್ಲ ಕಣಕ್ಕ’ ಎಂದಳು. ಪ್ರೀತಿಯಿಂದಲೇ ಅಂದದ್ದು. ಅವಳ ಮಂಡಿಗೆ ಬಟ್ಟೆ ಸುತ್ತಿತ್ತು. ಮಂಜುಳಾ ಮೇಡಂ ಅವತ್ತು ಏದುಸಿರು ಬಿಡುತ್ತಾ ನಮ್ಮ ಮೆಟ್ಟಿಲು ಹತ್ತಿದ್ದರು. ನಾನು ಬರುವವಳಲ್ಲ ಎಂದು ನನಗೊಬ್ಬಳಿಗೇ ಗೊತ್ತಿತ್ತು. ಇವರನ್ನೂ ನನ್ನ ಜೊತೆಗೆ ಕೂರಿಸಿಕೊಂಡು ಮುದುಕರಾಗಿಸುತ್ತಿದ್ದೇನೆ ಅನ್ನಿಸಿ ನಾಚಿಕೆಯಾಯಿತು. ಗೀತಾಳ ವಿಷಯ ಹೇಳಿಬಿಟ್ಟೆ. ಮಾರನೆಯ ದಿನ ನಾನೇ ಮಂಜುಳಾ ಮೇಡಂ ಜೊತೆ ಹಾಸ್ಟೆಲಿಗೆ ಹೋಗಿ ಅವಳನ್ನು ಒಪ್ಪಿಸಿದೆ.

ಕ್ರೀಡಾಕೂಟಕ್ಕೆ ನನ್ನನ್ನು ಒಬ್ಬಳನ್ನೇ ಕಳಿಸಲು ಅತ್ತೆ ಒಪ್ಪಲಿಲ್ಲ. ನೀರು, ಮಾತ್ರೆ, ಗಂಜಿಯ ಡಬ್ಬಿ ಹಿಡಿದು ತಾವೂ ಹೊರಟರು. ರಿಲೇ ಬೆಳಿಗ್ಗೆ ಎಂದಿದ್ದರು, ನನ್ನ ಒಳ್ಳೆಯ ಹೊತ್ತು ಅದು. ಮುಖ್ಯ ಅತಿಥಿಗಳು ಬಂದದ್ದು ತಡವಾಗಿ. ಭಾಷಣ, ಹಾರ, ಶಾಲು ಎಲ್ಲ ಮುಗಿದು, ಗಂಡಸರ ಓಟಗಳೂ ಮುಗಿದು, ಹೆಂಗಸರನ್ನು ಗೆರೆಗೆ ಕರೆಯುವಷ್ಟರಲ್ಲಿ ಬಿಸಿಲು ಇಳಿದಿತ್ತು. ನನ್ನ ರೆಪ್ಪೆಯೂ ಇಳಿದಿತ್ತು. ಮಾತ್ರೆ ನುಂಗಿದೆ, ಅದು ಹಿಡಿಯಲು ಹೊತ್ತು ಬೇಕು.

ಮಂಜುಳಾ ಮೇಡಂ ಹೊರಟರು, ಶಶಿಕಲಾಗೆ ಕೊಟ್ಟರು. ಶಶಿಕಲಾ ನಮ್ಮ ಮುಂದಿನ ನೇರ ಗೆರೆಯಲ್ಲಿ ಓಡಿ ಬಂದಳು. ಚನ್ನರಾಯಪಟ್ಟಣದವರು ಮುಂದಿದ್ದರು. ತಿರುವಿನ ಬಾಯಲ್ಲಿ ಗೀತಾ ಕೈ ಹಿಂದೆ ಚಾಚಿ ನಿಂತಿದ್ದಳು, ನಾನು ನಿಲ್ಲಬೇಕಿದ್ದ ಜಾಗದಲ್ಲಿ, ನನ್ನಂತೆಯೇ ಬಲಗಾಲು ಮುಂದಿಟ್ಟು. ಆ ಕ್ಷಣ ಅವಳ ಕೈಯಿಂದ ಬ್ಯಾಟನ್ ಜಾರಲಿ ಎಂದು ನಾನು ಬಯಸಿದೆ. ಬಯಸಿದ್ದು ಹೌದು, ಸುಳ್ಳು ಹೇಳಿ ಏನು ಪ್ರಯೋಜನ. ಜಾರಲಿಲ್ಲ. ಅವಳು ಓಡಿದಳು. ನನಗೆ ಇಬ್ಬರು ಗೀತಾ ಕಂಡರು, ಒಬ್ಬಳು ಗೆರೆಯ ಮೇಲೆ, ಇನ್ನೊಬ್ಬಳು ಗೆರೆಯಾಚೆ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡೆ. ಆಗ ಒಬ್ಬಳೇ ಓಡುತ್ತಿದ್ದಳು. ತಿರುವಿನಲ್ಲಿ ಎಷ್ಟು ಚೆನ್ನಾಗಿ ವಾಲುತ್ತಿದ್ದಳು ಎಂದರೆ ನಾನೂ ಕೂತಲ್ಲೇ ಆ ಕಡೆಗೆ ವಾಲಿದೆ.

ಮುಂದಿದ್ದವಳಿಗೂ ಅವಳಿಗೂ ಮಾರು ದೂರ ಉಳಿದಿತ್ತು. ಕೂಗಬೇಕು ಎಂದು ಬಾಯಿ ತೆರೆದೆ. ಮೂಗಿನಿಂದ ಗಾಳಿ ಬಂತೇ ಹೊರತು ದನಿ ಬರಲಿಲ್ಲ. ಇನ್ನೊಂದು ಸಲ ಪ್ರಯತ್ನಿಸಿದೆ. ಅತ್ತೆ ನನ್ನ ಮುಖ ನೋಡಿದರು, ಮೈದಾನ ನೋಡಿದರು. ಅಲ್ಲಿ ಯಾರು ಯಾರನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಾರೆ ಎಂಬುದು ಅವರಿಗೆ ತಿಳಿಯುತ್ತಿರಲಿಲ್ಲ.

‘ಯಾರ್ ಎಸ್ರು ಕೂಗ್ಬೇಕವ್ವ? ಯೋಳು, ನಾ ಕೂಗ್ತೀನಿ’ ಎಂದರು.

ನಾನು ಅವರ ಕಿವಿಗೆ ಬಾಯಿಟ್ಟು, ಇದ್ದ ಅಷ್ಟೇ ದನಿಯಲ್ಲಿ, ಗೀತಾ ಎಂದೆ.

ಅತ್ತೆ ಗಂಜಿಯ ಡಬ್ಬಿಯನ್ನು ನನ್ನ ಮಡಿಲಿಗಿಟ್ಟು ಎದ್ದು ನಿಂತರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಗದ್ದೆಯ ಆಚೆ ಬದುವಿನಲ್ಲಿದ್ದವರನ್ನು ಕರೆಯುವ ದನಿಯಲ್ಲಿ, ‘ಓಡೇ ಗೀತಾ, ಓಡೇ ನಮ್ಮವ್ವಾ’ ಎಂದು ಕೂಗತೊಡಗಿದರು.